ಫ್ರೀಜರ್‌ನಲ್ಲಿ ಗಟ್ಟಿಯಾದ ಪೆನ್ ಈಗ ಕರಗಿದೆ, ಹಾಕಿಕೊಳ್ಳಲಾ?

ಓದುಗರ ಪ್ರಶ್ನೆಗಳಿಗೆ ಕೊಡಗಿನ ನಿವೃತ್ತ ಸ್ಟಾಫ್ ನರ್ಸ್ ಒಬ್ಬರ ಉತ್ತರ

ಪ್ರಶ್ನೆ: ಸಿಸ್ಟರ್ ಅವರಿಗೆ ನಮಸ್ಕಾರ. ನನಗೆ 66 ವರ್ಷ. ಭಾಗಮಂಡಲದಿಂದ ಇನ್ನೂ ಒಳಗೆ ನಮ್ಮ ಮನೆ. ಶುಗರ್‌ಗೆ ಮೈಸೂರಿನ ಡಾಕ್ಟರು ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಹಾಕಿಕೊಳ್ಳುವ ಡುಲಾಗ್ಲುಟೈಡ್ ಇಂಜೆಕ್ಷನ್ ಪೆನ್ ಬರೆದುಕೊಟ್ಟಿದ್ದಾರೆ. ಗುರುವಾರ ನನ್ನ ದಿನ. ಎರಡು ತಿಂಗಳು ಮಗ ಹಾಕುತ್ತಿದ್ದ. ಈಗ ಅವನು ಬೆಂಗಳೂರಿಗೆ ಹೋಗಿದ್ದಾನೆ. ಯಜಮಾನರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮೊನ್ನೆಯ ಗಾಳಿಮಳೆಗೆ ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಔಷಧಿ ಹಾಳಾಗುತ್ತದೆ ಅಂತ ಹೆದರಿ, ಮೂರು ಪೆನ್‌ಗಳನ್ನು ಜನರೇಟರ್ ಇರುವ ಪಕ್ಕದ ತೋಟದವರ ಮನೆಗೆ ಕಳಿಸಿದೆ. ಅವರು ಪಾಪ, ಒಳ್ಳೆಯದಾಗಲಿ ಅಂತಲೇ ಫ್ರೀಜರ್‌ನಲ್ಲಿ ಹಂದಿ ಮಾಂಸದ ಪಕ್ಕ ಇಟ್ಟಿದ್ದರು. ವಾಪಸ್ ತಂದಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಈಗ ಕರಗಿ ನೀರಿನಂತೆ ತಿಳಿಯಾಗಿದೆ. ಹಾಕಿಕೊಳ್ಳಬಹುದಾ? ಅಷ್ಟು ದುಡ್ಡು ಕೊಟ್ಟದ್ದನ್ನು ಬಿಸಾಡಲು ಮನಸ್ಸು ಬರುತ್ತಿಲ್ಲ. ಇನ್ನು ನಾನೇ ಚುಚ್ಚಿಕೊಳ್ಳಬೇಕು ಅಂದರೆ ಕೈ ನಡುಗುತ್ತದೆ. ಕೊನೆಗೊಂದು ಸಣ್ಣ ಪ್ರಶ್ನೆ, ನಮ್ಮ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿನ್ನಬಹುದಾ?

ಉತ್ತರ: ನನಗಿಂತ ಮೂರು ವರ್ಷ ದೊಡ್ಡವರು ನೀವು, ಅಕ್ಕ ಅಂತಲೇ ಕರೆಯುತ್ತೇನೆ. ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮೂರರಲ್ಲಿ ಒಂದನ್ನೂ ಹಾಕಿಕೊಳ್ಳಬೇಡಿ.

ಈ ಔಷಧಿ ಒಂದು ಪ್ರೋಟೀನ್. ಒಮ್ಮೆ ಹೆಪ್ಪುಗಟ್ಟಿದರೆ ಅದರ ಕಟ್ಟು ಕೆಡುತ್ತದೆ. ಪೆನ್ನಿನ ಒಳಗಿರುವ ಗಾಜಿನ ಸಿರಿಂಜ್ ಸಹ ಬಿರುಕು ಬಿಟ್ಟಿರಬಹುದು. ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ, ಅಲ್ವಾ? ಇದು ಕೆಟ್ಟರೂ ಕಾಣುವುದಿಲ್ಲ. ತಿಳಿಯಾಗಿಯೇ ಇರುತ್ತದೆ. ಹಾಕಿಕೊಂಡು ಒಂದು ತಿಂಗಳು ಶುಗರ್ ಹತೋಟಿಯಲ್ಲಿದೆ ಅಂದುಕೊಂಡು ಕೂತಿರುತ್ತೀರಿ, ಒಳಗೆ ಅದು ಏರುತ್ತಲೇ ಇರುತ್ತದೆ. ಹೋದ ದುಡ್ಡಿಗಿಂತ ಆ ಒಂದು ತಿಂಗಳೇ ನನಗೆ ಹೆದರಿಕೆ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಹೀಗಾಯಿತು ಅಂತ ನೇರವಾಗಿ ಹೇಳಿ. ಹೊಸ ಪೆನ್ ಸಿಗುವವರೆಗೆ ಮಾತ್ರೆ ಹೇಗೆ ಮುಂದುವರಿಸಬೇಕು ಅಂತ ಅವರೇ ತಿಳಿಸುತ್ತಾರೆ. ಪಕ್ಕದ ಮನೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ತಣ್ಣಗೆ ಇಡಬೇಕು ಅಂದರೆ ಎಷ್ಟು ತಣ್ಣಗೆ ಅಂತ ನಾವು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.

ನಿಮ್ಮ ಪತ್ರ ಓದಿ ನನಗೆ ಸಂಕಟವಾಗಿದ್ದು ಇನ್ನೊಂದು ಕಾರಣಕ್ಕೆ. ಆ ಪೆನ್‌ಗಳು ನಿಮ್ಮ ಮನೆಯಲ್ಲೇ, ಕರೆಂಟ್ ಇಲ್ಲದ ಫ್ರಿಜ್‌ನಲ್ಲೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಡುಲಾಗ್ಲುಟೈಡ್ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ 30 ಡಿಗ್ರಿ ದಾಟದ ಜಾಗದಲ್ಲಿ ಒಟ್ಟು 14 ದಿನ ಫ್ರಿಜ್‌ನ ಹೊರಗೂ ಇಡಬಹುದು. ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಬರೆದಿರುತ್ತದೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಭಾಗಮಂಡಲದ ಕಡೆ ಮನೆಯೊಳಗೆ 30 ಡಿಗ್ರಿ ಎಲ್ಲಿ ಬರುತ್ತದೆ ಅಕ್ಕ? ಹಗಲಲ್ಲೂ ಸ್ವೆಟರ್ ಬಿಚ್ಚುವುದಿಲ್ಲ ನಾವು. ನಮ್ಮ ಮಳೆಗಾಲದಲ್ಲಿ ಈ ಔಷಧಿಗೆ ಸೆಕೆಗಿಂತ ಐಸೇ ದೊಡ್ಡ ಶತ್ರು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಮನೆ ಬಿಟ್ಟು ಬಂದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಡ್ಯೂಟಿಯಲ್ಲಿದ್ದೆ. ಒಬ್ಬರು ಅಜ್ಜಿ ಇನ್ಸುಲಿನ್ ಬಾಟಲಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲದೊಳಗೆ ತಂದಿದ್ದರು. ಹಾಳಾಯಿತೇನೋ ಅಂತ ಅಳುತ್ತಿದ್ದರು. ಅವರ ಪಕ್ಕದಲ್ಲೇ ಒಬ್ಬ ಹುಡುಗ, ಅಪ್ಪನ ಇನ್ಸುಲಿನ್ ಅನ್ನು ಮೀನು ತರುವ ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ಮಧ್ಯೆ ಹೂತು ಜೋಪಾನ ಮಾಡಿದ್ದ. ಅಜ್ಜಿಯದನ್ನು ಬಳಸಿದೆವು. ಹುಡುಗನ ಡಬ್ಬಿಯಲ್ಲಿದ್ದದ್ದು ಪೂರ್ತಿ ಗಟ್ಟಿಯಾಗಿತ್ತು, ಎಸೆಯಬೇಕಾಯಿತು.

ಹಾಗಾಗಿ ಮುಂದಿನ ಸಲ ಕರೆಂಟ್ ಹೋದರೆ ಹೀಗೆ ಮಾಡಿ. ಫ್ರಿಜ್ ಬಾಗಿಲು ಪದೇ ಪದೇ ತೆಗೆಯಬೇಡಿ. ಮುಚ್ಚಿಟ್ಟರೆ ಸುಮಾರು ನಾಲ್ಕು ಗಂಟೆ ಒಳಗಿನ ತಂಪು ಉಳಿಯುತ್ತದೆ. ಆಮೇಲೂ ಬರಲಿಲ್ಲವಾ? ಔಷಧಿಯ ಪೆಟ್ಟಿಗೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ. ಕರೆಂಟ್ ಬಂದ ದಿನ ಎಷ್ಟು ದಿನವಾಯಿತು ಅಂತ ಪಕ್ಕದಲ್ಲೇ ಬರೆಯಿರಿ. ಮುಂದಿನ ಸಲ ಹೋದರೆ ಅದಕ್ಕೇ ಕೂಡಿಸಿ. ಒಟ್ಟು 14 ಆದರೆ ಆ ಪೆನ್ ಬಳಸಬೇಡಿ. ಕೆಲವರು ಮಣ್ಣಿನ ಮಡಕೆಯಲ್ಲಿ ನೀರಿಟ್ಟು ಅದರೊಳಗೆ ಇಡಿ ಅನ್ನುತ್ತಾರೆ. ಬಯಲುಸೀಮೆಯ ಒಣಹವೆಗೆ ಅದು ಒಳ್ಳೆಯ ಉಪಾಯ. ನಮ್ಮ ಮಳೆಗಾಲದಲ್ಲಿ ಒಣಗಲು ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಮಡಕೆಯ ನೀರು ಆರಿ ತಂಪಾಗುವುದು ಎಲ್ಲಿಂದ? ಬೇಕಾಗಿಯೂ ಇಲ್ಲ. ಮಲಗುವ ಕೋಣೆಯ ಬೀರುವೇ ಸಾಕು. ಅಡುಗೆಮನೆಯ ಅಟ್ಟ, ಒಲೆಯ ಮೇಲಿನ ಹಲಗೆ, ಬಚ್ಚಲ ಹಂಡೆಯ ಹತ್ತಿರದ ಗೂಡು ಮಾತ್ರ ಬೇಡ. ಮಾರ್ಚ್‌ನಿಂದ ಮೇ ತನಕ ಲೆಕ್ಕ ಬೇರೆ. ಕುಶಾಲನಗರ, ಗೋಣಿಕೊಪ್ಪ ಕಡೆ ಮಧ್ಯಾಹ್ನದ ಬಿಸಿಲಿಗೆ 30 ದಾಟುತ್ತದೆ. ಆಗ ಕರೆಂಟ್ ಹೋದರೆ ಐಸ್‌ಪ್ಯಾಕ್ ಇಡಿ, ಆದರೆ ಅದನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ. ಪೆನ್ನಿಗೆ ಐಸ್ ತಾಗಬಾರದು.

ಕರೆಂಟ್ ಇದ್ದಾಗಲೂ ಫ್ರಿಜ್‌ನಲ್ಲಿ ಜಾಗ ನೋಡಿ ಇಡಬೇಕು. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಮೇಲಿನ ಐಸ್ ಡಬ್ಬಿಯ ಕೆಳಗಿರುವ ತಟ್ಟೆ ಬೇಡ. ಬಾಗಿಲೂ ಬೇಡ, ತೆಗೆದು ಹಾಕುವಾಗ ಬಿಸಿಗಾಳಿ ಮೊದಲು ತಾಗುವುದು ಅಲ್ಲಿಗೇ. ಮಧ್ಯದ ಹಲಗೆ, ಮುಂಭಾಗಕ್ಕೆ. ನಾನೂ ಇದೇ ಔಷಧಿ ಮೂರು ವರ್ಷದಿಂದ ಹಾಕಿಕೊಳ್ಳುತ್ತಿದ್ದೇನೆ. ಮೊದಲ ವರ್ಷ ಒಂದು ಪೆನ್ ಕಳೆದುಕೊಂಡೆ. ಸೊಪ್ಪಿನ ಕಟ್ಟು ಇಡಲು ಪೆಟ್ಟಿಗೆಯನ್ನು ಹಿಂದಕ್ಕೆ ದೂಡಿದ್ದೆ. ಬೆಳಿಗ್ಗೆ ನೋಡಿದರೆ ರಟ್ಟು ಹಿಂದಿನ ಗೋಡೆಗೆ ಅಂಟಿಕೊಂಡಿದೆ, ಕಿತ್ತರೆ ಬಿಳಿ ಐಸ್ ಪದರ ಜೊತೆಗೇ ಬಂತು. ಅವತ್ತಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೆಟ್ಟಿಗೆ ಸಮೇತ ಇಟ್ಟು, ಡಬ್ಬಿಯನ್ನು ಹಲಗೆಯ ಮುಂದಿನ ಅಂಚಿಗೇ ಇಡುತ್ತೇನೆ. ರಟ್ಟಿನ ಪೆಟ್ಟಿಗೆಯಿಂದ ಪೆನ್ ಹೊರತೆಗೆದು ಇಡಬೇಡಿ, ಅದಕ್ಕೆ ಬೆಳಕು ಆಗುವುದಿಲ್ಲ. ಫ್ರಿಜ್‌ಗೆಂದೇ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಮಗನಿಗೆ ಹೇಳಿ ಒಂದು ತರಿಸಿಕೊಳ್ಳಿ. ಇನ್ನೊಂದು ಮಾತು, ಕರೆಂಟ್ ಬಂದ ಕೂಡಲೇ ಬೇಗ ತಂಪಾಗಲಿ ಅಂತ ಫ್ರಿಜ್‌ನ ನಾಬ್ ಪೂರ್ತಿ ತಿರುಗಿಸುವ ಅಭ್ಯಾಸ ಇದ್ದರೆ ಬಿಡಿ. ರಾತ್ರಿ ಅದನ್ನು ಮರೆತು ಮಲಗಿದರೆ ಬೆಳಗಾಗುವಾಗ ಔಷಧಿ ಗಟ್ಟಿ.

ಮಳೆಗಾಲಕ್ಕೆ ಎಷ್ಟು ಪೆನ್ ತಂದಿಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಲ್ಕು ಸಾಕು. ಮಳೆಗೆ ನೀರೇರಿ ದಾರಿ ಬಂದಾದರೂ ಅಷ್ಟರಲ್ಲಿ ಇಳಿಯುತ್ತದೆ. ಮೂರು ತಿಂಗಳದ್ದು ಒಟ್ಟಿಗೆ ತಂದರೆ, ಕರೆಂಟ್ ಕೈಕೊಟ್ಟಾಗ ಅಷ್ಟೂ ಹೋಗುತ್ತದೆ.

ಈಗ ಕೈ ನಡುಗುವ ವಿಷಯ. 34 ವರ್ಷ ಬೇರೆಯವರಿಗೆ ಇಂಜೆಕ್ಷನ್ ಕೊಟ್ಟವಳು ನಾನು. ನನ್ನ ಹೊಟ್ಟೆಗೆ ನಾನೇ ಪೆನ್ ಒತ್ತಬೇಕಾದ ಮೊದಲ ದಿನ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಆ ಹೆದರಿಕೆ ಸಹಜ, ಅದಕ್ಕೆ ನಾಚಿಕೆ ಪಡಬೇಡಿ. ಒಳ್ಳೆಯ ಸಂಗತಿ ಏನೆಂದರೆ, ಈ ಪೆನ್ನಿನಲ್ಲಿ ಸೂಜಿ ಕಣ್ಣಿಗೆ ಕಾಣುವುದೇ ಇಲ್ಲ. ನೀವು ಚುಚ್ಚುವುದೂ ಇಲ್ಲ. ಬಟನ್ ಒತ್ತುತ್ತೀರಿ, ಚುಚ್ಚುವ ಕೆಲಸ ಅದರದ್ದು.

ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ತೆಗೆದು ಮೇಜಿನ ಮೇಲಿಡಿ, ತಣ್ಣಗಿದ್ದರೆ ಉರಿ ಜಾಸ್ತಿ. ಬಿಸಿನೀರಿಗೆ ಹಾಕಬೇಡಿ, ಬಿಸಿಲಿಗೂ ಇಡಬೇಡಿ. ಸೋಪಿನಲ್ಲಿ ಕೈ ತೊಳೆಯಿರಿ. ಹೆಸರು, ತಾರೀಕು ಓದಿ. ಔಷಧಿ ತಿಳಿಯಾಗಿ, ಬಣ್ಣವಿಲ್ಲದೆ ಇರಬೇಕು. ಹೊಕ್ಕುಳಿನಿಂದ ಎರಡು ಇಂಚು ದೂರ ಬಿಟ್ಟು ಹೊಟ್ಟೆ, ಇಲ್ಲವೇ ತೊಡೆಯ ಮುಂಭಾಗ. ಹೋದ ವಾರ ಎಡಕ್ಕೆ ಆಗಿದ್ದರೆ ಈ ವಾರ ಬಲಕ್ಕೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಪೂರ್ತಿ ಆರಲು ಬಿಡಿ. ಆರದೆ ಹಾಕಿದರೆ ಅದೇ ಉರಿಯುತ್ತದೆ, ಜನ ಔಷಧಿಯನ್ನು ಬೈಯುತ್ತಾರೆ.

ಆಮೇಲೆ ತುದಿಯ ಬೂದು ಮುಚ್ಚಳ ಎಳೆದು ತೆಗೆಯಿರಿ. ಅದನ್ನು ಮತ್ತೆ ಹಾಕಬಾರದು, ಸೂಜಿ ಹಾಳಾಗಬಹುದು. ಪೆನ್ನಿನ ಪಾರದರ್ಶಕ ಬುಡವನ್ನು ಚರ್ಮಕ್ಕೆ ಚಪ್ಪಟೆಯಾಗಿ, ಗಟ್ಟಿಯಾಗಿ ಒತ್ತಿಹಿಡಿಯಿರಿ. ವಾರೆಯಾಗಬಾರದು. ಲಾಕಿನ ಉಂಗುರ ತಿರುಗಿಸಿ. ಹಸಿರು ಬಟನ್ ಒತ್ತಿ. 'ಟಕ್' ಅನ್ನುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಆ ಸದ್ದಿಗೆ ಬೆಚ್ಚಿ ಕೈ ಎತ್ತಿಬಿಡುತ್ತಾರೆ, ಔಷಧಿ ಹೊಟ್ಟೆಯ ಮೇಲೆ ಹರಿಯುತ್ತದೆ. ಕೈ ಅಲ್ಲಾಡಿಸಬೇಡಿ. ಒತ್ತಿಕೊಂಡೇ ಇರಿ. ಐದರಿಂದ ಹತ್ತು ಸೆಕೆಂಡಿನಲ್ಲಿ ಎರಡನೇ 'ಟಕ್' ಬರುತ್ತದೆ. ಅದು ಸೂಜಿ ಚರ್ಮದಿಂದ ಹೊರಬಂದು ವಾಪಸ್ ಪೆನ್ನಿನೊಳಗೆ ಹೋಗುವ ಸದ್ದು. ಆಗ ತೆಗೆಯಿರಿ. ಒಂದು ಹನಿ ರಕ್ತ ಬಂದರೆ ಹತ್ತಿ ಒತ್ತಿ, ಉಜ್ಜಬೇಡಿ. ನಾನು ಮೊದಲ ವಾರಗಳಲ್ಲಿ 'ಒಂದು ಕಾವೇರಮ್ಮ, ಎರಡು ಕಾವೇರಮ್ಮ' ಅಂತ ಹತ್ತರ ತನಕ ಎಣಿಸುತ್ತಿದ್ದೆ. ನೀವೂ ಹಾಗೇ ಎಣಿಸಿ, ಕೈ ತಾನಾಗಿ ನಿಲ್ಲುತ್ತದೆ. ಅಕಸ್ಮಾತ್ ಔಷಧಿ ಹೊರಗೆ ಹರಿದುಹೋದರೆ ಇನ್ನೊಂದು ಪೆನ್ ಹಾಕಿಕೊಳ್ಳಬೇಡಿ. ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ.

ನಿಮ್ಮ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆಯಾ ಅಂತ ಪಟ್ಟಿಯಲ್ಲಿ ನೋಡಿ. ಇದ್ದರೆ ಈ ಇಂಜೆಕ್ಷನ್ ಜೊತೆ ಶುಗರ್ ತೀರಾ ಇಳಿಯುವ ಸಾಧ್ಯತೆ ಜಾಸ್ತಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಆಮೇಲೆ ಡಾಕ್ಟರಿಗೆ ತಿಳಿಸಿ. ಹೊಟ್ಟೆ ತೊಳಸುವುದು ಮೊದಮೊದಲು ಇರುತ್ತದೆ. ಕಡುಬು ನಾಲ್ಕು ತಿನ್ನುವಲ್ಲಿ ಎರಡು ತಿನ್ನಿ. ಆದರೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು ಬಂದು ಬೆನ್ನಿಗೆ ಹರಡಿದರೆ, ವಾಂತಿ ನಿಲ್ಲದಿದ್ದರೆ, ಕಷಾಯ ಕುಡಿಯುತ್ತಾ ಕೂರಬೇಡಿ. ಜೀಪ್ ಮಾಡಿಕೊಂಡು ಆಸ್ಪತ್ರೆಗೆ ಹೋಗಿ.

ಮದ್ದು ಪಾಯಸ ಖಂಡಿತ ತಿನ್ನಿ. ಒಂದು ಚಿಕ್ಕ ಬಟ್ಟಲು, ಬೆಲ್ಲ ಕಡಿಮೆ ಹಾಕಿ. ಅದರ ಮೇಲೆ ಜೇನು ಸುರಿದುಕೊಳ್ಳುವುದು ಈ ವರ್ಷ ಬಿಡಿ. ಮರುದಿನ ಮೂತ್ರ ಕೆಂಪಗೆ ಬಂದರೆ ಗಾಬರಿಯಾಗಬೇಡಿ, ಅದು ಮದ್ದು ಸೊಪ್ಪಿನ ಬಣ್ಣ ಅಂತ ನಿಮಗೇ ಗೊತ್ತು. ಬೆಂಗಳೂರಿನ ಸೊಸೆಗೆ ಮಾತ್ರ ಮೊದಲೇ ಹೇಳಿಡಿ.

ಪ್ರಶ್ನೆ: ಪೊನ್ನಂಪೇಟೆ ಹತ್ತಿರದವಳು ನಾನು. ಅತ್ತೆಗೆ ಗಂಟುವಾತ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಇಂಜೆಕ್ಷನ್, ಔಷಧಿ ತುಂಬಿದ ಸಿರಿಂಜೇ ಬರುತ್ತದೆ. ಇದನ್ನೂ ಫ್ರಿಜ್‌ನಲ್ಲೇ ಇಡಬೇಕಾ? ನಾಲ್ಕು ವಾರದಿಂದ ನಾನೇ ಹಾಕುತ್ತಿದ್ದೇನೆ. ನನಗೀಗ ಐದು ತಿಂಗಳು.

ಉತ್ತರ: ತಂಗಿ, ಕೊನೆಯ ವಾಕ್ಯದಿಂದ ಶುರು ಮಾಡುತ್ತೇನೆ. ಈ ವಾರದಿಂದ ನೀನು ಆ ಸಿರಿಂಜ್ ಮುಟ್ಟಬೇಡ. ಮೆಥೋಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಗರ್ಭಿಣಿಯರು, ಮಗು ಬಯಸುತ್ತಿರುವವರು ಅದನ್ನು ಕೈಯಲ್ಲಿ ಹಿಡಿಯಬಾರದು. ಇಲ್ಲಿಯವರೆಗೆ ಹಾಕಿದ್ದಕ್ಕೆ ನಿದ್ದೆಗೆಡಬೇಡ. ಮುಚ್ಚಿದ ಸಿರಿಂಜ್, ಕೈಗೆ ಚೆಲ್ಲಿಲ್ಲ ಅಂದರೆ ನಿನ್ನ ಮೈಗೆ ಹೋಗಿರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಮುಂದಿನ ತಪಾಸಣೆಗೆ ಹೋದಾಗ ನಿನ್ನ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳು. ಗಂಡನಿಗೆ ಕಲಿಸು. ಅವನು ಗ್ಲೌಸ್ ಹಾಕಿಕೊಂಡು ಹಾಕಲಿ. ಅತ್ತೆಯ ಬೆರಳುಗಳು ಚೆನ್ನಾಗಿ ಮಡಚುತ್ತಿದ್ದರೆ ಅವರೇ ಕಲಿಯಬಹುದು. ಆಗದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಹಾಕಿಸಿ.

ಫ್ರಿಜ್ ಬೇಡ. ಇಂಜೆಕ್ಷನ್ ಅಂದರೆ ಫ್ರಿಜ್ ಅಂತ ನಮ್ಮಲ್ಲಿ ಒಂದು ರೂಢಿ ಆಗಿಬಿಟ್ಟಿದೆ. ಇದು ಹೊರಗೇ ಇರುವ ಔಷಧಿ. ಬೆಳಕು ತಾಗದಂತೆ ಅದರ ಪೆಟ್ಟಿಗೆಯಲ್ಲೇ, ಬೀಗ ಇರುವ ಬೀರುವಿನಲ್ಲಿ ಇಡಿ. ಮಳೆಗಾಲದಲ್ಲಿ ರಟ್ಟು ಬೂಸಲು ಹಿಡಿಯುತ್ತದೆ, ಅದಕ್ಕೆ ಒಂದು ಬಿಗಿ ಮುಚ್ಚಳದ ಡಬ್ಬಿ ಇದ್ದರೆ ಒಳ್ಳೆಯದು.

ಈಗ ನಾನು ಹೇಳುವುದನ್ನು ಮನೆಯವರಿಗೆಲ್ಲ ಓದಿ ಹೇಳು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ, ಮರೆತು ದಿನಾ ತೆಗೆದುಕೊಂಡು ಜೀವ ಕಳೆದುಕೊಂಡವರಿದ್ದಾರೆ. ಇಡೀ ಜಗತ್ತಿನ ಆಸ್ಪತ್ರೆಗಳು ಹೆದರುವ ತಪ್ಪು ಇದು. ನೋವು ಜಾಸ್ತಿಯಾಯಿತು ಅಂತ ಮಧ್ಯೆ ಇನ್ನೊಂದು ಹಾಕಬಾರದು. ಇದು ನೋವಿನ ಇಂಜೆಕ್ಷನ್ ಅಲ್ಲ. ಇದು ಕೆಲಸ ಶುರು ಮಾಡಲು ವಾರಗಟ್ಟಲೆ ಬೇಕು. ಸುಮ್ನೆ 'ವಾರಕ್ಕೊಮ್ಮೆ' ಅಂದರೆ ಸಾಲದು. ದಿನದ ಹೆಸರು ಬೇಕು. 'ಭಾನುವಾರ' ಅಂತ ದಪ್ಪ ಅಕ್ಷರದಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಹಾಕಿದ ಕೂಡಲೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಬೇಡ. ಇದರ ಜೊತೆಗೆ ಡಾಕ್ಟರು ಕೊಡುವ ಫೋಲಿಕ್ ಆಸಿಡ್ ಮಾತ್ರೆ ಯಾವ ದಿನ ಅಂತಲೂ ಪಕ್ಕದಲ್ಲೇ ಬರೆಯಿರಿ. ಮೆಥೋಟ್ರೆಕ್ಸೇಟ್ ಅನ್ನು ಮಾತ್ರೆಯಾಗಿ ತೆಗೆದುಕೊಳ್ಳುವವರಲ್ಲಿ, ಎರಡೂ ಹಳದಿ ಮಾತ್ರೆ ಅಂತ ಅದಲುಬದಲು ಆದದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಬಾಯಿಹುಣ್ಣು, ಜ್ವರ, ಗಂಟಲು ನೋವು, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಒಣ ಕೆಮ್ಮಿನ ಜೊತೆ ಏದುಸಿರು. ಇದರಲ್ಲಿ ಒಂದು ಕಂಡರೂ ಮುಂದಿನ ಇಂಜೆಕ್ಷನ್ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜಾಸ್ತಿ ಹೋಗಿಬಿಟ್ಟರೆ ಅದಕ್ಕೆ ಎದುರು ಔಷಧಿ ಇದೆ, ತಡವಾಗಬಾರದು ಅಷ್ಟೇ. ಜ್ವರಕ್ಕೆ, ಉರಿಮೂತ್ರಕ್ಕೆ ಮೆಡಿಕಲ್‌ನಿಂದ ನೀವೇ ಆಂಟಿಬಯೋಟಿಕ್ ತರಬೇಡಿ. ಕೋಟ್ರೈಮಾಕ್ಸಜೋಲ್ ಅನ್ನುವ ಮಾತ್ರೆ ಇದರ ಜೊತೆ ಸೇರಿದರೆ ರಕ್ತದ ಕಣಗಳೇ ಕುಸಿಯಬಹುದು. ರಕ್ತ, ಲಿವರ್, ಕಿಡ್ನಿ ಪರೀಕ್ಷೆಗೆ ಡಾಕ್ಟರು ಕೊಟ್ಟ ತಾರೀಕು ತಪ್ಪಿಸಬೇಡಿ. ಮನೆಯಲ್ಲಿ ಮಾಡಿದ ವೈನ್ ಆದರೂ ಮದ್ಯ ಮದ್ಯವೇ ಅಂತ ಅತ್ತೆಗೆ ಮೆತ್ತಗೆ ಹೇಳು.

ಪ್ರಶ್ನೆ: ನನ್ನ ಡುಲಾಗ್ಲುಟೈಡ್ ದಿನ ಭಾನುವಾರ. ಹುತ್ತರಿ ಹಬ್ಬದ ಗಡಿಬಿಡಿಯಲ್ಲಿ ಮರೆತು ಹೋಗಿತ್ತು. ಮುಂದಿನ ಭಾನುವಾರ ಎರಡೂ ಒಟ್ಟಿಗೆ ಹಾಕಿಕೊಂಡೆ. ತಪ್ಪಾಯಿತಾ? (ಸೋಮವಾರಪೇಟೆಯಿಂದ ಒಬ್ಬರು)

ಉತ್ತರ: ತಪ್ಪೇ. ಎರಡು ಯಾವತ್ತೂ ಒಟ್ಟಿಗೆ ಬೇಡ. ಮುಂದಿನ ಸರದಿಗೆ ಇನ್ನೂ ಮೂರು ದಿನ, ಅಂದರೆ 72 ಗಂಟೆ ಇದ್ದರೆ ನೆನಪಾದ ಕೂಡಲೇ ಹಾಕಿಕೊಳ್ಳಿ. ಅದಕ್ಕಿಂತ ಕಡಿಮೆ ಇದ್ದರೆ ಆ ವಾರದ್ದನ್ನು ಬಿಟ್ಟುಬಿಡಿ. ನಿಮಗೆ ಬುಧವಾರ ನೆನಪಾದರೆ ಹಾಕಿಕೊಳ್ಳಬಹುದು. ಶುಕ್ರವಾರ ನೆನಪಾದರೆ ಭಾನುವಾರದ ತನಕ ಕಾಯಬೇಕು. ಇದು ಡುಲಾಗ್ಲುಟೈಡ್ ಲೆಕ್ಕ ಮಾತ್ರ. ಇದೇ ಥರ ವಾರಕ್ಕೊಮ್ಮೆಯ ಟಿರ್ಜೆಪಟೈಡ್ ಇಂಜೆಕ್ಷನ್ ಹಾಕುವವರು ತಪ್ಪಿದ ದಿನದಿಂದ ನಾಲ್ಕು ದಿನದೊಳಗೆ ಹಾಕಬಹುದು. ಶುಗರ್‌ಗೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಇಂಜೆಕ್ಷನ್ ಹಾಕುವವರಿಗೆ ಐದು ದಿನ. ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ಒಟ್ಟಿಗೆ ಹಾಕಿಕೊಂಡದ್ದು ಯಾವ ದಿನ ಅಂತ ನಿಮ್ಮ ಡಾಕ್ಟರಿಗೆ ತಿಳಿಸಿ. ವಾಂತಿ, ಸುಸ್ತು ಇದ್ದರೆ ಈಗಲೇ ತಿಳಿಸಿ.

ಪ್ರಶ್ನೆ: ಬಳಸಿದ ಪೆನ್, ಸೂಜಿ ಎಲ್ಲಿ ಹಾಕುವುದು? ಕಾಫಿ ತೋಟದ ಗುಂಡಿಯಲ್ಲಿ ಹೂತರೆ ಆಗದಾ? (ಸಿದ್ದಾಪುರದ ಓದುಗರು)

ಉತ್ತರ: ದಯವಿಟ್ಟು ಬೇಡ. ಇವತ್ತು ಹೂತದ್ದು ಎರಡು ಮಳೆಗಾಲ ಕಳೆದರೆ ಮೇಲೆ ಬರುತ್ತದೆ. ನಿಮ್ಮ ತೋಟದಲ್ಲಿ ಕಳೆ ತೆಗೆಯುವವರು, ಉದುರಿದ ಕಾಫಿ ಹೆಕ್ಕುವವರು ಬರಿಗೈಯಲ್ಲಿ ಎಲೆ ಸರಿಸುತ್ತಾರೆ. ಹಾಗೆ ಸೂಜಿ ಚುಚ್ಚಿಸಿಕೊಂಡ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದಳು. ಯಾರ ಸೂಜಿ, ಏನು ರೋಗ, ಒಂದೂ ಗೊತ್ತಿಲ್ಲ. ರಕ್ತಪರೀಕ್ಷೆ ಮುಗಿಯುವ ತನಕ ತಿಂಗಳುಗಟ್ಟಲೆ ಅವಳು ತನ್ನ ಕೈಕೂಸನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದಳು. ಎತ್ತಿಕೊಂಡರೆ ಏನೂ ಆಗುವುದಿಲ್ಲ ಅಂತ ನಾನು ಎಷ್ಟು ಸಲ ಹೇಳಿದರೂ ಅವಳ ಹೆದರಿಕೆ ಹೋಗಲಿಲ್ಲ.

ಬಚ್ಚಲ ಒಲೆಗೂ ಹಾಕಬೇಡಿ, ಪಂಚಾಯಿತಿಯ ಕಸದ ಗಾಡಿಗೂ ಸುಮ್ನೆ ಹಾಕಬೇಡಿ. ನೆಲ ಒರೆಸುವ ಫಿನಾಯಿಲ್ ಥರದ ದಪ್ಪ ಪ್ಲಾಸ್ಟಿಕ್ ಬಾಟಲಿ ಖಾಲಿಯಾದಾಗ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ಪೆನ್ ಹಿಡಿಸುವಷ್ಟು ಅಗಲ ಬಾಯಿಯ ಡಬ್ಬಿ ಬೇಕು, ತಿರುಪು ಮುಚ್ಚಳ ಇರಬೇಕು. ನೀರಿನ ತೆಳು ಬಾಟಲಿ ಆಗದು, ಸೂಜಿ ಹೊರಗೆ ಬರುತ್ತದೆ. ಮೇಲೆ 'ಬಳಸಿದ ಸೂಜಿ, ಮುಟ್ಟಬೇಡಿ' ಅಂತ ಕನ್ನಡದಲ್ಲಿ ಬರೆಯಿರಿ. ತೋಟದಲ್ಲಿ ಹಿಂದಿ, ತಮಿಳು ಆಡುವವರೂ ಇದ್ದರೆ ಒಂದು ಸೂಜಿಯ ಚಿತ್ರವನ್ನೂ ಬಿಡಿಸಿ. ಹಾಕಿಕೊಂಡ ಕೂಡಲೇ ನೇರ ಡಬ್ಬಿಗೆ. ಸಿರಿಂಜ್ ಆದರೆ ಸೂಜಿಗೆ ಮುಚ್ಚಳ ಮತ್ತೆ ಹಾಕುವುದು ಬೇಡ, ಬೆರಳಿಗೆ ಚುಚ್ಚಿಕೊಳ್ಳುವುದು ಆಗಲೇ. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿಡಿ.

ಮುಕ್ಕಾಲು ತುಂಬಿದರೆ ಸಾಕು. ಮುಚ್ಚಳಕ್ಕೆ ಟೇಪ್ ಸುತ್ತಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ನೀವು ತೋರಿಸಿಕೊಳ್ಳುವ ಆಸ್ಪತ್ರೆಗೋ ಕೊಂಡೊಯ್ಯಿರಿ. ಅವರಲ್ಲಿ ಸೂಜಿಗೆಂದೇ ಬೇರೆ ವಿಲೇವಾರಿ ಇರುತ್ತದೆ. ಹೋಗುವ ಮೊದಲು ಒಂದು ಮಾತು ಕೇಳಿಕೊಳ್ಳಿ. ಮೆಥೋಟ್ರೆಕ್ಸೇಟ್ ಸಿರಿಂಜ್ ಇದ್ದರೆ ಅದನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಇದು ಮೆಥೋಟ್ರೆಕ್ಸೇಟ್ ಅಂತ ಹೇಳಿಯೇ ಕೊಡಿ. ವಾರಕ್ಕೊಂದು ಪೆನ್ ಅಂದರೆ ವರ್ಷಕ್ಕೆ 52. ಎರಡು ಮೂರು ತಿಂಗಳಿಗೊಮ್ಮೆ ಔಷಧಿ ತರಲು ಹೋಗುವ ದಿನವೇ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡರೆ ಅದಕ್ಕಾಗಿ ಬೇರೆ ಓಡಾಟ ಬೇಕಾಗುವುದಿಲ್ಲ.